ಮೂಕಜೀವ ಸಾಕ್ಷಿ ಹೇಳದು

ಭದ್ರಾವತಿಯ ನಮ್ಮ ಮನೆಯ ನಾಯಿಯನ್ನು ಶಿವಮೊಗ್ಗದ ತರಬೇತಿ ಕೇಂದ್ರವೊಂದರಲ್ಲಿ ತಿಂಗಳ ಮಟ್ಟಿಗೆ ಬಿಟ್ಟಿದ್ದೆವು. ಹಣವನ್ನು ಮುಂಗಡವಾಗಿಯೇ ಪಾವತಿಸಿದ್ದೆವು. ನಡುವೆ ನೋಡಲು ಹೋದಾಗ, ‘ನಿಮ್ಮನ್ನು ಕಂಡರೆ ಕಲಿತದ್ದೆಲ್ಲ ಮರೆಯುತ್ತದೆ ಸಾರ್’ ಎಂದು ಬಾಗಿಲಲ್ಲೇ ತಡೆದರು. ಮರಳಿದ ನಾಯಿ ಸೊರಗಿತ್ತು. ಕೂರೆಂದರೆ ಕೂರುತ್ತಿತ್ತು, ನಿಜ. ಆದರೆ ಕೈ ಎತ್ತಿದೊಡನೆ ನೆಲಕ್ಕೆ ಅಂಟಿಕೊಳ್ಳುತ್ತಿತ್ತು. ಇದು ವಿಧೇಯತೆಯಲ್ಲ, ಭೀತಿ. ಪ್ರಶ್ನಿಸಿದರೆ, ‘ಹೇಳಿದ್ದನ್ನು ಕಲಿಸಿದ್ದೇವೆ, ಹಣ ವಾಪಸಿಲ್ಲ’ ಎಂಬ ಉತ್ತರ.

ನಾಯಿಮರಿಗಳ ಉತ್ಪಾದನೆ ಮತ್ತು ಮಾರಾಟಕ್ಕೆ 2017ರಲ್ಲಿ, ಸಾಕುಪ್ರಾಣಿಗಳ ಅಂಗಡಿಗಳಿಗೆ 2018ರಲ್ಲಿ ಕೇಂದ್ರ ಸರ್ಕಾರ ನಿಯಮ ರೂಪಿಸಿತು. ಇವೆರಡರ ಗುರಿ ಮಾರುವವರೇ ಹೊರತು ಕಲಿಸುವವರಲ್ಲ. ಪ್ರಾಣಿಹಿಂಸೆ ತಡೆಯಲೆಂದು ಬಂದ 1960ರ ಕಾಯ್ದೆ ಮೊದಲ ಅಪರಾಧಕ್ಕೆ ಗೊತ್ತುಪಡಿಸಿದ ಗರಿಷ್ಠ ದಂಡ ಕೇವಲ 50 ರೂಪಾಯಿ!

ಉಳಿದಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. ಹಣ ಪಡೆದು ನೀಡುವ ತರಬೇತಿಯೂ ಸೇವೆಯೇ. ಲೋಪವಾದರೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಸಲ್ಲಿಸಬಹುದು, ವಕೀಲರು ಕಡ್ಡಾಯವಲ್ಲ. ಆದರೆ ಆಯೋಗ ಪುರಾವೆ ಕೇಳುತ್ತದೆ. ಮೂಕಜೀವ ಸಾಕ್ಷಿ ಹೇಳದು. ಆದ್ದರಿಂದ ಬಿಡುವ ಮುನ್ನವೇ ಪಶುವೈದ್ಯರಿಂದ ತೂಕ, ಆರೋಗ್ಯದ ಪ್ರಮಾಣಪತ್ರ ಪಡೆಯಬೇಕು. ಕಲಿಸುವ ವಿಧಾನ, ಭೇಟಿಯ ಹಕ್ಕು, ಹಣ ವಾಪಸಿನ ಷರತ್ತು ಬರಹದಲ್ಲಿರಬೇಕು. ಮರಳಿದ ದಿನವೇ ಮತ್ತೆ ತಪಾಸಣೆ ಮಾಡಿಸಬೇಕು. ಇವಾವುದನ್ನೂ ನಾವು ಮಾಡಿರಲಿಲ್ಲ.

ತರಬೇತಿ ಕೇಂದ್ರಗಳಿಗೂ ನೋಂದಣಿ, ತಪಾಸಣೆ ಕಡ್ಡಾಯವಾಗಬೇಕು. ಅಲ್ಲಿಯವರೆಗೆ ಒಂದೇ ಮಾತು: ಯಜಮಾನನಿಗೆ ಬಾಗಿಲು ಮುಚ್ಚುವ ಕಡೆ ನಾಯಿಯನ್ನು ಬಿಡಬೇಡಿ.