ಇಂದಿನ ಅಳತೆಯ ಕಾಯಕ

"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಎಂಬ ಗಾದೆಯನ್ನು ನಮ್ಮ ಹಿರಿಯರು ಅನುಭವದಿಂದಲೇ ಆಡಿದ್ದಾರೆ. ಈ ಎರಡೂ ಕಾರ್ಯಗಳು ಸಂತೋಷಕ್ಕಾಗಿಯೇ ಆರಂಭವಾಗುತ್ತವೆ. ಆದರೆ ಅವು ಮುಗಿಯುವ ಹೊತ್ತಿಗೆ ಎಷ್ಟೋ ಮನೆಗಳಲ್ಲಿ ಯಜಮಾನರ ರಕ್ತದೊತ್ತಡ ಏರಿರುತ್ತದೆ, ಯಜಮಾನಿತಿಯ ನಿದ್ರೆ ಕೆಟ್ಟಿರುತ್ತದೆ, ಅಣ್ಣ-ತಮ್ಮಂದಿರ ನಡುವೆ ಮಾತು ನಿಂತಿರುತ್ತದೆ. ಗುರುಪ್ರವೇಶದ ದಿನ ಹೊಸ ಮನೆಯ ಬಾಗಿಲಿಗೆ ತೋರಣ ಕಟ್ಟಿರುತ್ತಾರೆ. ಒಳಗಿರುವವರ ಮುಖದಲ್ಲಿ ಮಾತ್ರ ಕಳೆಯಿರುವುದಿಲ್ಲ.

ಕೆಲಸವು ದೊಡ್ಡದಾದುದರಿಂದಲೇ ಹೀಗಾಗುತ್ತದೆಯೆಂದು ನಾವು ಸಮಾಧಾನ ಹೇಳಿಕೊಳ್ಳುತ್ತೇವೆ. ಹಾಗಿದ್ದರೆ ನಮಗಿಂತ ನೂರು ಪಟ್ಟು ದೊಡ್ಡ ಕೆಲಸ ಮಾಡಿದವರು ನಮಗಿಂತ ನೂರು ಪಟ್ಟು ಕುಸಿದು ಹೋಗಬೇಕಾಗಿತ್ತು. ಅವರು ಕುಸಿಯಲಿಲ್ಲವೆಂಬುದನ್ನು ಗಮನಿಸಿದರೆ, ಮನಸ್ಸನ್ನು ಬಳಲಿಸುವುದು ಕೆಲಸದ ಗಾತ್ರಕ್ಕಿಂತ ನಾವು ಅದನ್ನು ಹೊರುವ ರೀತಿ ಎಂಬುದು ತಿಳಿಯುತ್ತದೆ.

ಲಕ್ಕಮ್ಮನ ವಿವೇಕ

ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳ ಕಥೆ ನಮ್ಮ ಮನೆಗಳಲ್ಲಿ ಎಲ್ಲರಿಗೂ ಪರಿಚಿತವಾದುದು. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಅದರಿಂದಲೇ ದಾಸೋಹ ನಡೆಸುವುದು ಮಾರಯ್ಯನ ಕಾಯಕ. ಒಂದು ದಿನ ಆತ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಅಂದಿಗೆ ಬೇಕಾದಷ್ಟನ್ನು ಮಾತ್ರ ಇಟ್ಟುಕೊಂಡು ಉಳಿದುದನ್ನು ಅಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮ ಹೇಳಿದಳು.

ಈ ಕಥೆಯನ್ನು ನಾವು ಸಾಮಾನ್ಯವಾಗಿ ಆಸೆಯ ನಿರಾಕರಣೆಯೆಂದು ಓದುತ್ತೇವೆ. ಅದು ಸರಿಯೇ. ಆದರೆ ಇನ್ನೊಂದು ಅರ್ಥವೂ ಅದರಲ್ಲಿದೆ. ನಾಳೆಯ ಅಕ್ಕಿಯನ್ನು ಇಂದೇ ಹೊತ್ತು ತಂದವನು ಇಂದಿನ ನೆಮ್ಮದಿಯನ್ನು ನಾಳೆಗೆ ಒತ್ತೆ ಇಡುತ್ತಾನೆ. ಲಗ್ನಕ್ಕೆ ಇನ್ನೂ ಮೂರು ತಿಂಗಳಿರುವಾಗಲೇ ಮಧ್ಯರಾತ್ರಿಯಲ್ಲಿ ಎದ್ದು ಕುಳಿತು, ಬೀಗರು ಊಟದ ಪಂಕ್ತಿಯಲ್ಲಿ ಏನು ಕೊರತೆ ಎಣಿಸಿಯಾರೋ ಎಂದು ಚಿಂತಿಸುವುದು ಈ ಹೆಚ್ಚಿನ ಅಕ್ಕಿಯೇ. ಆ ಹೊತ್ತಿನಲ್ಲಿ ಅದರಿಂದ ಅಡುಗೆಯಾಗುವುದಿಲ್ಲ, ಹೆಗಲಿಗೆ ಭಾರ ಮಾತ್ರ ಆಗುತ್ತದೆ.

ಹಳಕಟ್ಟಿಯವರ ಹಾದಿ

ಇಂದಿನ ಅಳತೆಯನ್ನಷ್ಟೇ ಹೊತ್ತುಕೊಂಡರೆ ದೊಡ್ಡ ಕೆಲಸ ಮುಗಿಯುವುದೆಂತು ಎಂಬ ಪ್ರಶ್ನೆ ಏಳುವುದು ಸಹಜ. ಇದಕ್ಕೆ ಉತ್ತರವಾಗಿ ನಮ್ಮ ಧಾರವಾಡದಲ್ಲಿಯೇ 1880ರ ಜುಲೈ 2ರಂದು ಜನಿಸಿದ ಫ.ಗು. ಹಳಕಟ್ಟಿಯವರ ಬದುಕನ್ನು ನೋಡಬಹುದು.

ವಕೀಲಿ ವೃತ್ತಿಯನ್ನು ಹಿಡಿದು ವಿಜಾಪುರದಲ್ಲಿ, ಎಂದರೆ ಇಂದಿನ ವಿಜಯಪುರದಲ್ಲಿ ನೆಲೆಸಿದ ಅವರು ಕೈಗೆತ್ತಿಕೊಂಡ ಕಾರ್ಯ ಅಪಾರವಾದುದು. ಶರಣರ ವಚನಗಳು ಮಠಗಳಲ್ಲಿ, ಮನೆಗಳ ಜಗುಲಿಯ ಮೇಲೆ, ಕೆಂಪು ವಸ್ತ್ರದಲ್ಲಿ ಸುತ್ತಿದ ತಾಡವೋಲೆಗಳಲ್ಲಿ ಚದುರಿ ಹೋಗಿದ್ದವು. ಎಷ್ಟು ಕಟ್ಟುಗಳಿವೆ, ಎಲ್ಲೆಲ್ಲಿವೆ ಎಂಬ ಲೆಕ್ಕವೇ ಇರಲಿಲ್ಲ. ಇಡೀ ಕೆಲಸವನ್ನು ಒಮ್ಮೆಲೇ ಕಣ್ಣ ಮುಂದೆ ತಂದುಕೊಂಡವನು ಮೊದಲ ದಿನವೇ ಕೈಚೆಲ್ಲುತ್ತಿದ್ದ. ಅವರು ಊರೂರು ಅಲೆದರು. ಸಿಕ್ಕ ಒಂದು ಕಟ್ಟನ್ನು ಬಿಚ್ಚಿ ಓದಿದರು, ನಕಲು ಮಾಡಿದರು, ಹೋಲಿಸಿ ನೋಡಿದರು. ಆಮೇಲೆ ಮುಂದಿನದಕ್ಕೆ ಹೋದರು.

ಗ್ರಂಥವು ಸಿದ್ಧವಾದಾಗ ಅಚ್ಚಿಗೆಂದು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯಕ್ಕೆ ಕಳುಹಿಸಿದರು. ಹಸ್ತಪ್ರತಿ ಹಿಂದಿರುಗಿ ಬಂದಿತು. ವರ್ಷಗಳ ದುಡಿಮೆ ಹೀಗೆ ಮರಳಿ ಮನೆಯ ಬಾಗಿಲಿಗೆ ಬಂದರೆ ನಾವಾದರೆ ಏನು ಮಾಡುತ್ತಿದ್ದೆವು? ಒಂದಿಷ್ಟು ದಿನ ಊಟ ಬಿಡುತ್ತಿದ್ದೆವು, ಕಂಡಕಂಡವರ ಮುಂದೆ ದೂರುತ್ತಿದ್ದೆವು. ಅವರು ಬೆಳಗಾವಿಯಲ್ಲಿ ಬೇರೆ ಮುದ್ರಣಾಲಯ ನೋಡಿದರು. 'ವಚನಶಾಸ್ತ್ರಸಾರ'ದ ಮೊದಲ ಭಾಗ 1923ರಲ್ಲಿ ಹೊರಬಂದಿತು. ಮತ್ತೆ ಮತ್ತೆ ಪರರ ಅಚ್ಚುಕೂಟದ ಮುಂದೆ ಕಾಯುವುದು ತಪ್ಪಲೆಂದು, ಇದ್ದ ಮನೆಯನ್ನೇ ಮಾರಿ 1925ರಲ್ಲಿ ವಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತೆರೆದರು. 1926ರಲ್ಲಿ 'ಶಿವಾನುಭವ' ಪತ್ರಿಕೆಯನ್ನು ಆರಂಭಿಸಿದರು. ಎಂದೋ ಮುಗಿಯಬೇಕಾದ ಬೃಹತ್ಕಾರ್ಯವನ್ನು ಪತ್ರಿಕೆಯು ಸಂಚಿಕೆ ಸಂಚಿಕೆಗಳಾಗಿ ಒಡೆದು ಕೊಟ್ಟಿತು. ಈ ಸಂಚಿಕೆ ಮುಗಿಯಿತೆ, ಮುಂದಿನದು. ಇದೇ ಇಂದಿನ ಅಳತೆ.

ಅವರ ಬದುಕು ಸುಖದ ಹಾಸಿಗೆಯಾಗಿರಲಿಲ್ಲ. ಬಡತನವನ್ನು ಅವರೂ ಉಂಡರು, ಅವರ ಮನೆಯವರೂ ಉಂಡರು. ಶಾಂತಚಿತ್ತವಿದ್ದವರಿಗೆ ಕಷ್ಟ ಬರುವುದಿಲ್ಲವೆಂದು ಯಾರಾದರೂ ಹೇಳಿದರೆ ಅದನ್ನು ನಂಬಬೇಕಾಗಿಲ್ಲ. ಕಷ್ಟ ಬಂದಾಗ ಮುಂದಿನ ಹೆಜ್ಜೆ ಯಾವುದೆಂದು ಕಾಣುವಷ್ಟು ತಿಳಿಯಾಗಿ ಮನಸ್ಸು ಉಳಿಯುವುದೇ ಶಾಂತಿ.

ಇನ್ನೊಂದು ಸಂಗತಿಯೂ ಗಮನಾರ್ಹ. 1964ರಲ್ಲಿ ಅವರು ಲಿಂಗೈಕ್ಯರಾದಾಗ ವಚನಗಳ ಕೆಲಸ ಮುಗಿದಿರಲಿಲ್ಲ. ಧಾರವಾಡದ ವಿದ್ವಾಂಸರಾದ ಡಾ. ಆರ್.ಸಿ. ಹಿರೇಮಠ, ಡಾ. ಎಂ.ಎಂ. ಕಲಬುರ್ಗಿ ಮೊದಲಾದವರು ಅದನ್ನು ಮುಂದುವರಿಸಿದರು. 1993ರಲ್ಲಿ ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಸಮಗ್ರ ವಚನ ಸಾಹಿತ್ಯವು 15 ಸಂಪುಟಗಳಲ್ಲಿ ಕರ್ನಾಟಕ ಸರ್ಕಾರದಿಂದ ಪ್ರಕಟವಾಯಿತು. ಎಲ್ಲವೂ ನನ್ನ ಕೈಯಿಂದಲೇ, ನನ್ನ ಕಣ್ಣೆದುರಿಗೇ ಮುಗಿಯಬೇಕೆಂಬ ಹಟ ಬಿಟ್ಟವನ ಕೆಲಸವನ್ನು ಮುಂದಿನವರು ಎತ್ತಿಕೊಳ್ಳುತ್ತಾರೆ.

ಹಂಚಿಕೊಂಡ ಹೊರೆ

ಕೊಪ್ಪಳದ ಗವಿಮಠದ ಜಾತ್ರೆಯನ್ನು ಕಂಡವರಿಗೆ ಇದು ಇನ್ನೂ ಸ್ಪಷ್ಟವಾದೀತು. ಅಲ್ಲಿ ಲಕ್ಷಾಂತರ ಜನರು ದಾಸೋಹದಲ್ಲಿ ಪ್ರಸಾದ ಸ್ವೀಕರಿಸುತ್ತಾರೆ. ಅಷ್ಟು ರೊಟ್ಟಿಯನ್ನು ಒಂದೇ ಅಡುಗೆಮನೆಯಲ್ಲಿ ಬಡಿಯಬೇಕೆಂದರೆ ಯಾರ ಕೈಯಿಂದಲೂ ಆಗದು. ಸುತ್ತಲಿನ ಹಳ್ಳಿಗಳ ತಾಯಂದಿರು ತಮ್ಮ ತಮ್ಮ ಮನೆಗಳಲ್ಲಿ ಬಡಿದ ರೊಟ್ಟಿಗಳು ಟ್ರ್ಯಾಕ್ಟರುಗಳಲ್ಲಿ ಮಠಕ್ಕೆ ಬಂದು ಸೇರುತ್ತವೆ. ಒಬ್ಬ ತಾಯಿಗೆ ತನ್ನ ಬುಟ್ಟಿಯ ರೊಟ್ಟಿಯಷ್ಟೇ ಹೊಣೆ. ಜಾತ್ರೆಯ ಹೊಣೆ ಎಲ್ಲರದು. ಆದುದರಿಂದಲೇ ಅಲ್ಲಿ ದುಡಿಮೆಯೂ ಸಂಭ್ರಮವಾಗುತ್ತದೆ.

ನಮ್ಮ ಮನೆಗಳಲ್ಲಿ ಇದಕ್ಕೆ ವಿರುದ್ಧವಾಗಿ ನಡೆಯುತ್ತದೆ. ಯಜಮಾನರು ಉಸುಕಿನ ಲೋಡಿನಿಂದ ಹಿಡಿದು ಗೌಂಡಿಯ ಪಗಾರದವರೆಗೆ ಎಲ್ಲವನ್ನೂ ತಲೆಯಲ್ಲಿಯೇ ಇಟ್ಟುಕೊಳ್ಳುತ್ತಾರೆ, ಯಾರಿಗೂ ಬಿಡುವುದಿಲ್ಲ. ಆಮೇಲೆ "ನನಗೆ ಯಾರೂ ಸಹಾಯ ಮಾಡುವುದಿಲ್ಲ" ಎಂದು ಮನೆಯವರ ಮೇಲೆ ರೇಗುತ್ತಾರೆ. ಆ ರೇಗಾಟವನ್ನು ಗೌಂಡಿ ಕೇಳುವುದಿಲ್ಲ, ಅಂಗಡಿಯವರು ಕೇಳುವುದಿಲ್ಲ. ಕೇಳುವವರು ಹೆಂಡತಿ ಮತ್ತು ಮಕ್ಕಳು.

ಮನೆಯಲ್ಲಿ ಆಚರಿಸಬಹುದಾದ ಕ್ರಮ

ಕಾರ್ಯಾರಂಭಕ್ಕೆ ಮೊದಲು ಮನೆಯವರೆಲ್ಲ ಒಂದು ಸಂಜೆ ಕೂಡಿ ಕುಳಿತು ಒಂದು ವಹಿಯಲ್ಲಿ ಎಲ್ಲವನ್ನೂ ಬರೆಯಬೇಕು. ಬರೆದ ಚಿಂತೆ ತಲೆಯಿಂದ ಇಳಿಯುತ್ತದೆ. ಜವಳಿ ಒಬ್ಬರಿಗೆ, ಲಗ್ನಪತ್ರಿಕೆ ಇನ್ನೊಬ್ಬರಿಗೆ, ಅಡುಗೆಯ ಏರ್ಪಾಡು ಮತ್ತೊಬ್ಬರಿಗೆ ಎಂದು ಹಂಚಬೇಕು. ಒಪ್ಪಿಸಿದ ಮೇಲೆ ದಿನಕ್ಕೆ ಹತ್ತು ಸಲ ಕೇಳಬಾರದು. ವಾರಕ್ಕೊಮ್ಮೆ ಕೂಡಿ ಲೆಕ್ಕ ನೋಡಿದರೆ ಸಾಕು. ಸೊಸೆಗೆ ಒಪ್ಪಿಸಿದ ಕೆಲಸ ಸೊಸೆಯ ರೀತಿಯಲ್ಲಿ ಆಗುತ್ತದೆಯೆಂಬುದನ್ನು ಅತ್ತೆಯವರು ಒಪ್ಪಿಕೊಂಡರೆ ಅರ್ಧ ಒತ್ತಡ ಅಲ್ಲಿಯೇ ಕರಗುತ್ತದೆ.

ಹಣದಲ್ಲಿ ಮತ್ತು ದಿನಗಳಲ್ಲಿ ಸ್ವಲ್ಪ ಮಿಗಿಸಿಕೊಂಡೇ ಯೋಜಿಸಬೇಕು. ಮಳೆ ಬರಬಹುದು, ಕೆಲಸದವರು ಹಬ್ಬಕ್ಕೆ ಊರಿಗೆ ಹೋಗಬಹುದು. ನೆರೆಯವರ ಲಗ್ನವನ್ನು ಮೀರಿಸಬೇಕೆಂದು ಸಾಲ ಮಾಡಿದವರಿಗೆ ಮಾತ್ರ ಯಾವ ಯೋಜನೆಯೂ ಶಾಂತಿ ಕೊಡಲಾರದು. ಶರಣರು ಸರಳತೆಯನ್ನು ಬೋಧಿಸಿದುದರಲ್ಲಿ ಈ ಕರುಣೆಯೂ ಅಡಗಿದೆ.

ಅವಸರವಿದ್ದ ದಿನಗಳಲ್ಲಿ ನಾವು ಮೊದಲು ಕಡಿತಗೊಳಿಸುವುದು ಇಷ್ಟಲಿಂಗ ಪೂಜೆಯ ಹೊತ್ತನ್ನು. ವಾಸ್ತವವಾಗಿ ಅಂಥ ದಿನಗಳಲ್ಲಿಯೇ ಅದು ಹೆಚ್ಚು ಬೇಕು. ಆತಂಕದಲ್ಲಿ ಎದೆಬಡಿತ ಹೆಚ್ಚುತ್ತದೆ, ಉಸಿರು ಗಿಡ್ಡವಾಗುತ್ತದೆ, ರಕ್ತದೊತ್ತಡ ಏರುತ್ತದೆ. ಎದುರಿಗೆ ಅಪಾಯ ಬಂದ ಕ್ಷಣಕ್ಕೆ ಇದು ದೇಹದ ರಕ್ಷಣೆ. ತಿಂಗಳುಗಟ್ಟಲೆ ನಡೆದರೆ ನಿದ್ರೆ ಮತ್ತು ಜೀರ್ಣಶಕ್ತಿ ಕೆಡುತ್ತವೆ, ಮಧುಮೇಹಿಗಳಿಗೆ ಸಕ್ಕರೆ ಏರುತ್ತದೆ. ಅಂಗೈಯ ಲಿಂಗದಲ್ಲಿ ದೃಷ್ಟಿ ನಿಲ್ಲಿಸಿ ಕುಳಿತಾಗ ಉಸಿರು ತಾನಾಗಿಯೇ ನಿಧಾನವಾಗುತ್ತದೆ. ಉಸಿರು ನಿಧಾನವಾದರೆ ನಾಡಿಯೂ ಶಾಂತವಾಗುತ್ತದೆ. ಪೂಜೆಯನ್ನು ಔಷಧವೆಂದು ಮಾಡಬೇಕಾಗಿಲ್ಲ. ಅದರ ಪ್ರಸಾದವಾಗಿ ಆರೋಗ್ಯವೂ ಬಂದರೆ ಬೇಡವೆನ್ನಬೇಕಾಗಿಲ್ಲ.

ಇಷ್ಟಾದರೂ ವಾರಗಳವರೆಗೆ ನಿದ್ರೆ ಬಾರದಿದ್ದರೆ, ಊಟ ಸೇರದಿದ್ದರೆ, ಬದುಕೇ ಬೇಡವೆಂಬ ಮಾತು ಬಾಯಿಗೆ ಬಂದರೆ, ಅದನ್ನು ಭಕ್ತಿಯ ಕೊರತೆಯೆಂದು ಬಗೆಯಬಾರದು. ಜ್ವರಕ್ಕೆ ವೈದ್ಯರಲ್ಲಿಗೆ ಹೋಗುವಂತೆ ಇದಕ್ಕೂ ಹೋಗಬೇಕು. 1845ರಲ್ಲಿ ಆರಂಭವಾದ ಧಾರವಾಡದ ಮಾನಸಿಕ ಆಸ್ಪತ್ರೆಯೇ ಇಂದು ಡಿಮ್ಹಾನ್ಸ್ ಎಂಬ ಸಂಸ್ಥೆಯಾಗಿ ಬೆಳೆದಿದೆ. ಮನೆಯಿಂದಲೇ ಮಾತನಾಡಬೇಕೆಂದರೆ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416 ಇದೆ. ಕರೆ ಉಚಿತ, ಕನ್ನಡದಲ್ಲಿಯೂ ಮಾತನಾಡಬಹುದು.

ಹಿಡಿದ ಕಾರ್ಯಗಳು ಇಂದಲ್ಲ ನಾಳೆ ಮುಗಿಯುತ್ತವೆ. ಲಗ್ನದ ಹಂದರವನ್ನು ಮೂರೇ ದಿನಗಳಲ್ಲಿ ಬಿಚ್ಚುತ್ತಾರೆ. ಆ ದಿನಗಳಲ್ಲಿ ನಾವು ಆಡಿದ ಮಾತುಗಳು ಮಕ್ಕಳ ಮನಸ್ಸಿನಲ್ಲಿ ಮೂವತ್ತು ವರ್ಷ ಉಳಿಯುತ್ತವೆ. ಆದುದರಿಂದ ಇಂದು ಆಯಬೇಕಾದಷ್ಟು ಅಕ್ಕಿಯನ್ನು ಇಂದು ಆಯೋಣ, ಉಳಿದುದನ್ನು ನಾಳೆಗೂ ನಮ್ಮವರಿಗೂ ಗುರುವಿಗೂ ಬಿಡೋಣ.