ಗಾಳಿಯಾಡುವ ಬ್ಯಾಗ್ ಇದ್ದರೆ ಬೆನ್ನು ಬೆವರುವುದಿಲ್ಲವೇ? ಮಹಿಳೆಯರ ಚಾರಣದ ಚೀಲದ ಬಗ್ಗೆ ಒಂದಿಷ್ಟು ವಿಜ್ಞಾನ

ಸುಬ್ರಹ್ಮಣ್ಯದಿಂದ ಕುಮಾರ ಪರ್ವತದ ಹಾದಿ ಹಿಡಿದವರು ಗಿರಿಗದ್ದೆಯ ಭಟ್ಟರ ಮನೆ ತಲುಪಿದ ಕೂಡಲೇ ಮಾಡುವ ಮೊದಲ ಕೆಲಸ ಬೆನ್ನಿನ ಚೀಲ ಇಳಿಸುವುದು. ಇಳಿಸಿದ ಜಾಗದಲ್ಲಿ, ಅಂಗಿಯ ಮೇಲೆ ಚೀಲದ್ದೇ ಆಕಾರದ ಒದ್ದೆ ನಕಾಶೆ ಮೂಡಿರುತ್ತದೆ. ತೋಳಿನ ಬಟ್ಟೆ ಅರೆಬರೆ ಒಣಗಿದ್ದರೂ ಬೆನ್ನಿನ ಭಾಗ ಹಿಂಡಿದರೆ ನೀರು ಬರುವಂತಿರುತ್ತದೆ. ಆಗ ಗುಂಪಿನಲ್ಲಿ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ: "ಗಾಳಿಯಾಡೋ ಬ್ಯಾಗ್ ತಗೊಂಡಿದ್ರೆ ಈ ಪಾಡು ಇರ್ತಿರಲಿಲ್ಲ."

ಅಂಗಡಿಯಲ್ಲೂ ಜಾಹೀರಾತಿನಲ್ಲೂ ಸಿಗುವ ಭರವಸೆ ಇದೇ. ಬೆನ್ನಿನ ಕಡೆ ಬಲೆ ಇರುವ ಚೀಲ ಕೊಂಡರೆ ಬೆನ್ನು ಒಣಗಿರುತ್ತದೆ, ಮೈ ತಂಪಾಗಿರುತ್ತದೆ, ದಣಿವು ಕಡಿಮೆಯಾಗುತ್ತದೆ. ಅದಕ್ಕೆ 'ಮಹಿಳೆಯರಿಗಾಗಿ' ಎಂಬ ಚೀಟಿಯೂ ಸೇರಿದರೆ ಬೆಲೆ ಇನ್ನಷ್ಟು ಏರುತ್ತದೆ. ಇದರಲ್ಲಿ ಎಷ್ಟು ನಿಜ? ಸ್ವಲ್ಪ ಲೆಕ್ಕ ಹಾಕಿ ನೋಡೋಣ.

ಬೆಟ್ಟ ಹತ್ತುವಾಗ ನಮ್ಮ ಸ್ನಾಯುಗಳು ಬಳಸುವ ಶಕ್ತಿಯಲ್ಲಿ ಹೆಚ್ಚೆಂದರೆ ನಾಲ್ಕನೇ ಒಂದು ಪಾಲು ಮಾತ್ರ ಮೈಯನ್ನು ಮೇಲೆತ್ತಲು ಹೋಗುತ್ತದೆ. ಉಳಿದದ್ದೆಲ್ಲ ಶಾಖ. 60 ಕೆ.ಜಿ. ತೂಕದ ಮಹಿಳೆಯೊಬ್ಬರು 6 ಕೆ.ಜಿ. ಚೀಲ ಹೊತ್ತು ಗಂಟೆಗೆ 300 ಮೀಟರ್ ಎತ್ತರ ಏರುತ್ತಿದ್ದರೆ, ಅವರ ದೇಹದಲ್ಲಿ ಸುಮಾರು 300 ವ್ಯಾಟ್ ಶಾಖ ಹುಟ್ಟುತ್ತಿರುತ್ತದೆ. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 2,400 ಕಿಲೋಜೌಲ್ ಶಾಖವನ್ನು ಹೊತ್ತೊಯ್ಯುತ್ತದೆ. ಈ ಎರಡನ್ನೂ ಸೇರಿಸಿ ನೋಡಿದರೆ, ಶಾಖವೆಲ್ಲ ಬೆವರಿನಿಂದಲೇ ಹೊರಹೋಗಬೇಕಾದರೆ ಗಂಟೆಗೆ ಅರ್ಧ ಲೀಟರಿನಷ್ಟು ಬೆವರು ಆವಿಯಾಗಬೇಕು. ಆವಿಯಾಗಬೇಕು ಎಂಬುದನ್ನು ಗಮನಿಸಿ. ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರಿನಿಂದಾಗಲಿ, ಬಟ್ಟೆ ಹೀರಿಕೊಂಡು ಹಾಗೇ ಉಳಿದ ಬೆವರಿನಿಂದಾಗಲಿ ಮೈ ಹೆಚ್ಚು ತಂಪಾಗುವುದಿಲ್ಲ. ನೀರು ಮಾತ್ರ ಹೋಗಿರುತ್ತದೆ.

ಮೈಗಂಟಿದ ಚೀಲ ಇಲ್ಲೇ ಅಡ್ಡ ಬರುತ್ತದೆ. ಬೆನ್ನಿಗೂ ಚೀಲಕ್ಕೂ ನಡುವೆ ಸಿಕ್ಕಿಕೊಂಡ ಗಾಳಿ ಸ್ವಲ್ಪ ಹೊತ್ತಿಗೇ ಆವಿಯಿಂದ ತುಂಬಿಹೋಗುತ್ತದೆ, ಆಮೇಲೆ ಅಲ್ಲಿ ಬೆವರು ಆರುವುದಿಲ್ಲ. ಪರಿಹಾರವಾಗಿ ಜರ್ಮನಿಯ ಡಾಯ್ಟರ್ ಕಂಪನಿ 1984ರಲ್ಲಿ ಬಿಗಿದ ಬಲೆಯ ಬೆನ್ನನ್ನು ಮಾರುಕಟ್ಟೆಗೆ ತಂದಿತು. ಚೀಲದ ಒಳಚೌಕಟ್ಟು ಬಿಲ್ಲಿನಂತೆ ಹಿಂದಕ್ಕೆ ಬಾಗಿರುತ್ತದೆ, ಅದರ ಮುಂದೆ ಬಲೆಯನ್ನು ಹಗ್ಗದ ಮಂಚದಂತೆ ಎಳೆದು ಕಟ್ಟಿರುತ್ತದೆ. ಬೆನ್ನು ಬಲೆಗೆ ತಾಗುತ್ತದೆ, ಚೀಲ ಕೆಲವು ಸೆಂಟಿಮೀಟರ್ ಆಚೆಗೇ ನಿಲ್ಲುತ್ತದೆ. ಈಗ ಹಲವು ಕಂಪನಿಗಳು ಇದೇ ಉಪಾಯ ಬಳಸುತ್ತವೆ. ಇನ್ನು ಕೆಲವು ಚೀಲಗಳಲ್ಲಿ ದಪ್ಪ ಫೋಮಿನ ದಿಂಡುಗಳ ನಡುವೆ ಕಾಲುವೆ ತೆಗೆದು ಮೇಲೆ ಜಾಲರಿ ಬಟ್ಟೆ ಹೊದಿಸಿ ಅದನ್ನೂ 'ಗಾಳಿಯಾಡುವ' ಎಂದೇ ಮಾರುತ್ತಾರೆ. ಎರಡೂ ಒಂದೇ ಅಲ್ಲ. ಚೀಲ ತುಂಬಿದ ಮೇಲೆ ಬೆನ್ನಿನ ಹಿಂದೆ ಅಡ್ಡಲಾಗಿ ಕೈ ತೂರುತ್ತದೆಯೇ ಎಂದು ನೋಡಿ. ತೂರದಿದ್ದರೆ ಅಲ್ಲಿ ಗಾಳಿಗೂ ದಾರಿ ಅಷ್ಟಕ್ಕಷ್ಟೇ.

ಗಾಳಿ ಆಡಿದರೆ ಸಾಕೇ? ಎಂಥ ಗಾಳಿ?

ಬೆವರು ಆರುವ ವೇಗ ಚರ್ಮದ ಮೇಲಿನ ಆವಿಯ ಒತ್ತಡಕ್ಕೂ ಸುತ್ತಲಿನ ಗಾಳಿಯಲ್ಲಿನ ಆವಿಯ ಒತ್ತಡಕ್ಕೂ ಇರುವ ಅಂತರವನ್ನು ಅವಲಂಬಿಸಿದೆ. 35 ಡಿಗ್ರಿಯ ಒದ್ದೆ ಚರ್ಮದ ಮೇಲೆ ಅದು ಸುಮಾರು 5.6 ಕಿಲೋಪಾಸ್ಕಲ್. ಈಗ ಮೂರು ಜಾಗಗಳನ್ನು ಊಹಿಸಿಕೊಳ್ಳಿ. ಮಾರ್ಚ್ ತಿಂಗಳ ಸಾವನದುರ್ಗ: 33 ಡಿಗ್ರಿ, ಸಾಪೇಕ್ಷ ಆರ್ದ್ರತೆ ಶೇ. 30 ಇದ್ದರೆ ಅಂತರ 4.1. ಮಳೆಗಾಲ ಮುಗಿಯುವ ಹೊತ್ತಿನ ಕುದುರೆಮುಖದ ನೆತ್ತಿ: 20 ಡಿಗ್ರಿ, ಶೇ. 95 ಇದ್ದರೆ ಅಂತರ 3.4. ಅದೇ ಸಮಯದ ಸುಬ್ರಹ್ಮಣ್ಯ, ಅಂದರೆ ಘಟ್ಟದ ಬುಡ: 31 ಡಿಗ್ರಿ, ಶೇ. 75 ಇದ್ದರೆ ಅಂತರ ಬರೀ 2.2.

ಅಂದರೆ ಮಂಜು ಮುಸುಕಿದ ತಂಪು ಶಿಖರಕ್ಕಿಂತಲೂ ಬೆವರು ಆರಲು ಕಷ್ಟಪಡುವುದು ಘಟ್ಟದ ಬುಡದ ಕಾಡಿನಲ್ಲಿ, ಮರಗಳ ನಡುವೆ ಎಲೆಯೂ ಅಲುಗದ ಮೊದಲ ಎರಡು ಗಂಟೆಗಳ ಏರಿನಲ್ಲಿ. ಬಲೆಯ ಬೆನ್ನಿನ ಹಿಂದೆ ಹರಿಯಬೇಕಾದ ಗಾಳಿಯೇ ಅಲ್ಲಿ ಅರ್ಧ ತುಂಬಿದ ಕೊಡದಂತಿರುತ್ತದೆ. ಎಂಥ ಚೀಲವಿದ್ದರೂ ಬೆನ್ನು ಒದ್ದೆಯಾಗುತ್ತದೆ. ಬಯಲುಸೀಮೆಯ ಬಂಡೆಬೆಟ್ಟಗಳಲ್ಲಿ ಮಾತ್ರ ಅದೇ ಬಲೆ ಕೊಟ್ಟ ದುಡ್ಡಿಗೆ ಮೋಸ ಮಾಡುವುದಿಲ್ಲ. ನೀವು ವರ್ಷದಲ್ಲಿ ಹೆಚ್ಚು ಹತ್ತುವುದು ಯಾವ ಬೆಟ್ಟ ಎಂಬುದು ಚೀಲದ ಬ್ರ್ಯಾಂಡಿಗಿಂತ ಮುಖ್ಯವಾಗುವುದು ಹೀಗೆ.

ಇನ್ನೊಂದು ಲೆಕ್ಕವೂ ಇದೆ. ಒಂದು ದಿನದ ಚಾರಣದ ಚೀಲ ಬೆನ್ನಿಗೆ ತಾಗುವ ಜಾಗ ಸುಮಾರು 45 ಸೆಂ.ಮೀ. ಉದ್ದ, 28 ಸೆಂ.ಮೀ. ಅಗಲ ಎಂದುಕೊಳ್ಳೋಣ. ವಯಸ್ಕ ಮಹಿಳೆಯ ಚರ್ಮದ ಒಟ್ಟು ವಿಸ್ತೀರ್ಣ ಸುಮಾರು 1.6 ಚದರ ಮೀಟರ್. ಚೀಲ ಮುಚ್ಚುವುದು ಅದರಲ್ಲಿ ಶೇ. 8ರಷ್ಟನ್ನು ಮಾತ್ರ. ಉಳಿದ 92 ಪಾಲು ತನ್ನ ಕೆಲಸ ಮಾಡುತ್ತಲೇ ಇರುತ್ತದೆ. ಹಾಗಾಗಿ ಬಲೆಯ ಚೀಲದಿಂದ ಬಿಸಿಲಿನ ಬಳಲಿಕೆ ತಪ್ಪುತ್ತದೆ ಎಂದು ನಂಬಿ ಕೂರುವಂತಿಲ್ಲ. ಅದರಿಂದ ಆಗುವ ಲಾಭ ಬೇರೆ. ಒದ್ದೆ ಬಟ್ಟೆ ಉಜ್ಜಿ ಚರ್ಮ ಕೆಂಪಾಗುವುದು, ಬೆವರುಸಾಲೆ ಏಳುವುದು, ನೆತ್ತಿ ತಲುಪಿ ಗಾಳಿಗೆ ನಿಂತಾಗ ಬೆನ್ನು ಥಣ್ಣಗೆ ಕೊರೆಯುವುದು, ಇವೆಲ್ಲ ಕಡಿಮೆಯಾಗುತ್ತವೆ. ಇವು ಸಣ್ಣ ಸುಖಗಳೇನಲ್ಲ, ಆದರೆ ಜಾಹೀರಾತು ಮಾರುವುದು ಇವನ್ನಲ್ಲ.

'ಮಹಿಳೆಯರ ಬ್ಯಾಗ್' ಅಂದರೆ ಬಣ್ಣ ಬೇರೆ, ಅಷ್ಟೇನಾ?

ಕೆಲವೊಮ್ಮೆ ಹೌದು, ಅಷ್ಟೇ. ನೇರಳೆ ಬಣ್ಣ, ಹೂವಿನ ಕಸೂತಿ, ಉಳಿದದ್ದೆಲ್ಲ ಗಂಡಸರ ಚೀಲದ್ದೇ. ಸರಿಯಾಗಿ ಮಾಡಿದ ಚೀಲದಲ್ಲಿ ಮೂರು ಬದಲಾವಣೆ ಕಾಣಬೇಕು. ಬೆನ್ನಿನ ಚೌಕಟ್ಟು ಗಿಡ್ಡವಾಗಿರುತ್ತದೆ. ಭುಜದ ಪಟ್ಟಿಗಳು ಕಿರಿದಾಗಿ, ಹತ್ತಿರ ಹತ್ತಿರ ಇದ್ದು, ಎದೆಯನ್ನು ಒತ್ತದಂತೆ ಬದಿಗೆ ಬಳುಕಿ ಇಳಿಯುತ್ತವೆ. ಸೊಂಟಪಟ್ಟಿ ನೇರ ಕೊಳವೆಯಂತಿರದೆ, ಮೇಲೆ ಕಿರಿದು ಕೆಳಗೆ ಅಗಲವಾಗುವಂತೆ ಓರೆಯಾಗಿ ಹೊಲಿದಿರುತ್ತದೆ.

ಇದೆಲ್ಲ ಸರಾಸರಿಯ ಮಾತು. ಒಂದೇ ಎತ್ತರದ ಇಬ್ಬರು ಅಕ್ಕತಂಗಿಯರಲ್ಲೇ ಒಬ್ಬರದು ಉದ್ದ ಕಾಲು ಗಿಡ್ಡ ಬೆನ್ನು, ಇನ್ನೊಬ್ಬರದು ಅದಲುಬದಲು ಇರುತ್ತದೆ. ಆದ್ದರಿಂದ ನಿಮ್ಮ ಎತ್ತರ ಹೇಳಿ ಚೀಲ ಕೇಳಬೇಡಿ, ಬೆನ್ನಿನ ಉದ್ದ ಅಳೆದುಕೊಂಡು ಹೋಗಿ. ತಲೆ ಬಗ್ಗಿಸಿದರೆ ಕತ್ತಿನ ಬುಡದಲ್ಲಿ ಉಬ್ಬಿದ ಮೂಳೆಯೊಂದು ಕೈಗೆ ಸಿಗುತ್ತದೆ. ಸೊಂಟದ ಎರಡೂ ಬದಿಯ ಮೂಳೆಯ ಮೇಲಂಚಿನಲ್ಲಿ ಕೈಯಿಟ್ಟು, ಹೆಬ್ಬೆರಳುಗಳನ್ನು ಹಿಂದಕ್ಕೆ ಚಾಚಿದರೆ ಬೆನ್ನುಮೂಳೆಯ ಮೇಲೆ ಒಂದು ಗೆರೆ ಸಿಗುತ್ತದೆ. ಆ ಉಬ್ಬಿನಿಂದ ಈ ಗೆರೆಯವರೆಗೆ ಟೇಪು ಹಿಡಿದು ಅಳೆಯಲು ಮನೆಯಲ್ಲಿ ಇನ್ನೊಬ್ಬರ ನೆರವು ಬೇಕಾಗುತ್ತದೆ. ಈ ಅಳತೆ ನಿಮ್ಮದಕ್ಕೆ ಹೊಂದುವ ಗಂಡಸರ ಚೀಲ ಸಿಕ್ಕರೆ ಅದನ್ನೇ ಕೊಳ್ಳಿ, ಚೀಟಿಗೆ ಅಂಜಬೇಕಿಲ್ಲ.

ಅಳತೆಗೆ ಇಷ್ಟು ಮಹತ್ವ ಏಕೆ? ಬಾವಿಯಿಂದ ನೀರು ತಂದವರನ್ನು ಕೇಳಿ ನೋಡಿ. ತುಂಬಿದ ಕೊಡ ಸೊಂಟದ ಮೂಳೆಯ ಮೇಲೆ ಕೂತರೆ ದಾರಿ ಸಾಗುತ್ತದೆ, ಅದೇ ಕೊಡವನ್ನು ಮೈಯಿಂದ ಒಂದು ಗೇಣು ಆಚೆ ಹಿಡಿದರೆ ಹತ್ತು ಹೆಜ್ಜೆಗೆ ಕೈ ಸೋಲುತ್ತದೆ. ಬೆನ್ನಿನ ಚೌಕಟ್ಟು ಉದ್ದವಾದರೆ ಸೊಂಟಪಟ್ಟಿ ಮೂಳೆಯಿಂದ ಜಾರಿ ಪೃಷ್ಠಕ್ಕೆ ಇಳಿಯುತ್ತದೆ, ಭಾರವೆಲ್ಲ ಭುಜಕ್ಕೆ ಬರುತ್ತದೆ. ಅಗಲ ಪಟ್ಟಿ ಕತ್ತನ್ನು ಕೊರೆಯುತ್ತದೆ ಇಲ್ಲವೇ ಭುಜದಿಂದ ಜಾರುತ್ತದೆ. ಜಾರದಿರಲೆಂದು ಎದೆಪಟ್ಟಿಯನ್ನು ಬಿಗಿ ಎಳೆದರೆ ಉಸಿರಿಗೆ ತೊಂದರೆ. ದಿನವಿಡೀ ಭುಜದ ಮೇಲೇ ಭಾರ ಬಿದ್ದರೆ ತೋಳಿಗೆ ಹೋಗುವ ನರಗಳು ಒತ್ತಿಕೊಂಡು ಬೆರಳು ಜೋಮು ಹಿಡಿಯುವುದೂ ಉಂಟು.

ಬಲೆಯ ಬೆನ್ನಿನ ಗುಟ್ಟೂ ಇಲ್ಲೇ ಬಯಲಾಗುತ್ತದೆ. ಗಾಳಿಗೆಂದು ಬಿಟ್ಟ ಅಂತರ ಭಾರವನ್ನು ಹಿಂದಕ್ಕೆ ತಳ್ಳುತ್ತದೆ. 5-6 ಕೆ.ಜಿ.ಗೆ ಇದು ದೊಡ್ಡದಲ್ಲ, ಆದರೆ ಸೊಂಟಪಟ್ಟಿ ಸರಿಯಾಗಿ ಕೂರದಿದ್ದರೆ ಆ ಎಳೆತವೂ ಭುಜದ ಪಾಲಿಗೇ ಬರುತ್ತದೆ. ಇಳಿಜಾರಿನಲ್ಲಿ ಚೀಲ ಹಿಂದೆ ತೂಗಾಡುತ್ತದೆ. ಚೌಕಟ್ಟು ಬಾಗಿರುವುದರಿಂದ ಒಳಗಿನ ಜಾಗ ಬಾಳೆಕಾಯಿಯ ಆಕಾರಕ್ಕೆ ಬಂದು, 22 ಲೀಟರ್ ಎಂದು ಬರೆದಿದ್ದರೂ ಊಟದ ಡಬ್ಬಿ ಅಡ್ಡಾದಿಡ್ಡಿ ನಿಲ್ಲುತ್ತದೆ. ಸಾದಾ ಚೀಲಕ್ಕಿಂತ ತೂಕವೂ ಜಾಸ್ತಿ. ನಮ್ಮ ಅಭಿಪ್ರಾಯ ಕೇಳಿದರೆ, ಅಳತೆಗೆ ಸರಿಹೊಂದುವ ಕಾಲುವೆ-ಫೋಮಿನ ಚೀಲ ಮತ್ತು ಅಳತೆ ತಪ್ಪಿದ ಬಲೆಯ ಚೀಲ ಎದುರಿಗಿದ್ದರೆ ಮೊದಲನೆಯದನ್ನೇ ಆರಿಸಬೇಕು. ಎರಡೂ ಒಂದರಲ್ಲೇ ಸಿಕ್ಕರೆ ಸಂತೋಷ.

ಅಂಗಡಿಯಲ್ಲಿ ಖಾಲಿ ಚೀಲ ಹಾಕಿ ಕನ್ನಡಿ ನೋಡಿಕೊಳ್ಳುವುದರಿಂದ ಏನೂ ತಿಳಿಯುವುದಿಲ್ಲ. ಮೂರು ಲೀಟರ್ ನೀರು, ಒಂದು ಜರ್ಕಿನ್, ಊಟದ ಡಬ್ಬಿ ಒಯ್ದು ತುಂಬಿಸಿ. ಮೊದಲು ಸೊಂಟಪಟ್ಟಿ ಬಿಗಿಯಿರಿ, ಆಮೇಲೆ ಭುಜದ್ದು, ಕೊನೆಗೆ ಎದೆಯದ್ದು. ಹತ್ತು ನಿಮಿಷ ಮೆಟ್ಟಿಲು ಹತ್ತಿ ಇಳಿಯಿರಿ. ಅಂಗಡಿಯವರು ಮುಖ ಸಿಂಡರಿಸಿದರೆ ಸಿಂಡರಿಸಲಿ. ಚಾರಣಕ್ಕೆ ಹಾಕುವ ಬಟ್ಟೆಯಲ್ಲೇ ಹೋಗಿ. ಸಲ್ವಾರಿನ ಲಾಡಿಯ ಗಂಟು ಸೊಂಟಪಟ್ಟಿಯಡಿ ಒತ್ತುತ್ತದೆಯೇ, ಒಳ ಉಡುಪಿನ ಪಟ್ಟಿ ಭುಜದ ಪಟ್ಟಿಯಡಿ ಸಿಕ್ಕಿ ಕೊರೆಯುತ್ತದೆಯೇ, ಜಡೆ ಬಲೆಗೆ ಸಿಕ್ಕಿಕೊಳ್ಳುತ್ತದೆಯೇ ಎಂಬುದೆಲ್ಲ ಆಗಲೇ ಗೊತ್ತಾಗುವುದು. ಹತ್ತಿ ಕುರ್ತಾ ನೀರು ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಬೇಗ ಆರುವ ಪಾಲಿಯೆಸ್ಟರ್ ಟೀಶರ್ಟ್ ಇದ್ದರೆ ಬಲೆಯ ಕೆಲಸ ಹಗುರವಾಗುತ್ತದೆ.

ಮಲೆನಾಡಿನವರಿಗೆ ಒಂದು ಮಾತು. ಮಳೆಯ ಹೊದಿಕೆ ಚೀಲದ ಹೊರಮೈಯನ್ನಷ್ಟೇ ಕಾಯುತ್ತದೆ. ಬೆನ್ನಿನ ಕಡೆಯ ಅಂತರ ತೆರೆದೇ ಇರುವುದರಿಂದ ಕತ್ತಿನಿಂದ ಇಳಿದ ನೀರು ಅಲ್ಲಿಂದ ಒಳಗೆ ಹೋಗುತ್ತದೆ. ಒಳಗೊಂದು ದಪ್ಪ ಪ್ಲಾಸ್ಟಿಕ್ ಚೀಲ ಹಾಕಿ ಅದರಲ್ಲಿ ಬಟ್ಟೆ, ಮೊಬೈಲ್ ಇಡಿ. ಇಂಬಳಗಳಿರುವ ಕಾಡಿನಲ್ಲಿ ಚೀಲವನ್ನು ನೆಲಕ್ಕೆ ಇಳಿಸಿ ಎತ್ತಿದಾಗಲೆಲ್ಲ ಬಲೆಯ ಒಳಗೂ ಒಮ್ಮೆ ಕಣ್ಣಾಡಿಸಿ.

ಕೊನೆಯದು ನೀರಿನ ವಿಷಯ. ಬಲೆಯ ಚೀಲ ಚೆನ್ನಾಗಿ ಕೆಲಸ ಮಾಡಿದಾಗಲೇ ಒಂದು ಮೋಸವಾಗುತ್ತದೆ. ಬೆವರು ಆರಿಹೋಗಿ ಅಂಗಿ ಒಣಗಿ ಕಾಣುವುದರಿಂದ, ಅಷ್ಟೇನೂ ಬೆವರಿಲ್ಲ ಎಂದು ಅನ್ನಿಸುತ್ತದೆ. ದೇಹದಿಂದ ನೀರು ಹೋಗಿರುತ್ತದೆ, ಕಣ್ಣಿಗೆ ಕಂಡಿರುವುದಿಲ್ಲ. ಅದರ ಮೇಲೆ, ದಾರಿಯಲ್ಲಿ ಶೌಚಾಲಯವಿಲ್ಲ, ಗುಂಪಿನಲ್ಲಿ ಗಂಡಸರೇ ಹೆಚ್ಚು ಎಂಬ ಕಾರಣಕ್ಕೆ ಬೆಳಗಿನಿಂದಲೇ ನೀರು ಕುಡಿಯುವುದನ್ನು ತಡೆದುಕೊಳ್ಳುವ ಮಹಿಳೆಯರು ಬಹಳ. ಹೋಗಿಬರಲು ಸುಮಾರು 20 ಕಿಲೋಮೀಟರ್ ಆಗುವ ಕುದುರೆಮುಖದಂಥ ಹಾದಿಯಲ್ಲಿ ಇದರ ಫಲ ಮಧ್ಯಾಹ್ನದ ಹೊತ್ತಿಗೆ ತಲೆನೋವು, ಸ್ನಾಯುಸೆಳೆತ, ತಲೆಸುತ್ತಾಗಿ ಬರುತ್ತದೆ. ಕೆಲವರಿಗೆ ಮನೆಗೆ ಬಂದ ಮೇಲೆ ಉರಿಮೂತ್ರವಾಗಿಯೂ. ಹಾಗಾಗಿ ಚೀಲ ಆರಿಸುವಾಗ ಇದನ್ನೂ ಗಮನಿಸಿ: ಚೀಲ ಇಳಿಸದೆಯೇ ನಿಮ್ಮ ಕೈಗೆ ನೀರಿನ ಬಾಟಲಿ ಸಿಗಬೇಕು. ಟಿಶ್ಯೂ, ಸೋಪಿನ ಹಾಳೆ, ಸ್ಯಾನಿಟರಿ ಪ್ಯಾಡ್, ಬಳಸಿದ್ದನ್ನು ವಾಪಸ್ ತರಲು ಜಿಪ್ ಇರುವ ಕವರು, ಇವಿಷ್ಟಕ್ಕೆ ಬೇರೆಯೇ ಒಂದು ಜೇಬು ಇರಬೇಕು. ಹೊರಡುವ ಮುಂಚೆ ಗುಂಪಿನ ಮುಂದಾಳುವಿಗೆ, ಗಂಟೆ ಒಂದೂವರೆಗೊಮ್ಮೆ ಹೆಂಗಸರು ಹಿಂದೆ ಉಳಿಯುತ್ತೇವೆ, ನೀವು ತಿರುವಿನಾಚೆ ಕಾಯಿರಿ ಎಂದು ಹೇಳಿಬಿಡಿ. ಹೊತ್ತ ಮೂರು ಲೀಟರ್ ನೀರನ್ನು ವಾಪಸ್ ಹೊತ್ತುಕೊಂಡೇ ಇಳಿದರೆ ಎಂಥ ಚೀಲವೂ ಉಪಯೋಗಕ್ಕೆ ಬರುವುದಿಲ್ಲ.