ಹಿರಿಯ ಪರದೆ, ಕಿರಿಯ ಅಕ್ಷರ

ಪರದೆ ದೊಡ್ಡದಾದರೆ ಅಕ್ಷರವೂ ದೊಡ್ಡದಾಗುವುದೆಂದು ನಂಬದವರಾರು? ಮೈಸೂರಿನ ನಿವೃತ್ತ ಉಪಾಧ್ಯಾಯರೊಬ್ಬರ ಮನೆಯಲ್ಲಿ ಮೊನ್ನೆ ಈ ನಂಬಿಕೆಗೆ ಬಲವಾದ ಪೆಟ್ಟು ಬಿದ್ದಿತು.

ಮೇಷ್ಟರ ಕಣ್ಣು ಮಂದವಾಗಿದೆ. ಹತ್ತು ವರ್ಷ ಶ್ರಮಪಟ್ಟು ಬರೆದ ತಮ್ಮೂರಿನ ಚರಿತ್ರೆಯ ಕರಡನ್ನು ಲ್ಯಾಪ್‌ಟಾಪಿನ ಕಿರುಪರದೆಯಲ್ಲಿ ತಿದ್ದಲಾರದೆ ಕೈಚೆಲ್ಲಿ ಕುಳಿತಿದ್ದರು. ಇದನ್ನು ನೋಡಲಾರದೆ ಮಗಳು 27 ಅಂಗುಲದ ಮಾನಿಟರೊಂದನ್ನು ತಂದು ಜೋಡಿಸಿದಳು. ಪರದೆ ಬೆಳಗಿತು, ಅಕ್ಷರಗಳು ಮಾತ್ರ ಇರುವೆಯ ಸಾಲಾದುವು!

“ಇದಕ್ಕೇನಮ್ಮಾ ಅಷ್ಟು ಹಣ ಸುರಿದದ್ದು?” ಎಂದರು ಮೇಷ್ಟರು.

ಪಕ್ಕದ ಮನೆಯ ಹುಡುಗ ಬಂದು ರೆಸಲ್ಯೂಷನ್ ತಗ್ಗಿಸಿದ. ಅಕ್ಷರ ಹಿಗ್ಗಿತು, ಜೊತೆಗೆ ಮಂಜೂ ಕವಿಯಿತು. ಇಂಥ ಮಂಜಿನಲ್ಲಿ ಮೊದಲು ಮರೆಯಾಗುವುದು ಕನ್ನಡದ ಒತ್ತಕ್ಷರ. “ನನ್ನ ಕಣ್ಣಿನ ಪೊರೆ ಇದಕ್ಕೂ ಬಂದಿತೇ?” ಎಂದು ಮೇಷ್ಟರು ನಕ್ಕರು, ಮಗಳಿಗೆ ನಗು ಬರಲಿಲ್ಲ.

ಆ ಪರದೆಯಲ್ಲಿ ಅಡ್ಡಲಾಗಿ 3840, ಉದ್ದಕ್ಕೆ 2160, ಒಟ್ಟು 82,94,400 ಚುಕ್ಕೆಗಳಿವೆ. 1920ಕ್ಕೆ 1080ರ ಪರದೆಯ ನಾಲ್ಕರಷ್ಟು. ಒಂದು ಅಕ್ಷರಕ್ಕೆ ಮೊದಲಿನಷ್ಟೇ ಚುಕ್ಕೆಗಳನ್ನು ಕೊಟ್ಟರೆ ಅಕ್ಷರ ಕುಗ್ಗದೆ ಇನ್ನೇನಾದೀತು? ಚುಕ್ಕೆಗಳ ಸಂಖ್ಯೆಯನ್ನು ಇಳಿಸಬಾರದು. ಒಂದೊಂದು ಅಕ್ಷರಕ್ಕೂ ಹೆಚ್ಚು ಚುಕ್ಕೆಗಳನ್ನು ಕೊಡಬೇಕು. ಡಿಸ್‌ಪ್ಲೇ ಸೆಟ್ಟಿಂಗ್ಸಿನಲ್ಲಿ ‘ಸ್ಕೇಲ್’ ಎಂಬುದು ನೂರರಲ್ಲೇ ನಿಂತಿತ್ತು. ಮಗಳು ರೆಸಲ್ಯೂಷನ್ನನ್ನು ಮೊದಲಿನಂತೆಯೇ ಇಟ್ಟು ಸ್ಕೇಲನ್ನು ಇನ್ನೂರಕ್ಕೆ ಏರಿಸಿದಳು. ಅಕ್ಷರಗಳು ದುಂಡಗೆ, ಸ್ಫುಟವಾಗಿ ಎದ್ದು ನಿಂತುವು.

ಆದರೆ ಮೌಸಿನ ಬಾಣ ಕೆಸರಿನಲ್ಲಿ ನಡೆದಂತೆ ತಡವರಿಸುತ್ತಿತ್ತು. ಎಲ್ಲರೂ ಕೇಬಲ್ಲನ್ನು ಶಪಿಸಿದರು. ಹೊಸ ಕೇಬಲ್ ಬಂದರೂ ಫಲವಿಲ್ಲ. ಪಾಪ, ತಪ್ಪು ಅದರದಲ್ಲ! ಲ್ಯಾಪ್‌ಟಾಪಿನಲ್ಲಿದ್ದುದು 2009ರ ಎಚ್‌ಡಿಎಂಐ 1.4 ಮಾದರಿಯ ಕಿಂಡಿ. ಅಷ್ಟು ಚುಕ್ಕೆಗಳ ಚಿತ್ರವನ್ನು ಅದು ಸೆಕೆಂಡಿಗೆ 30 ಸಲ ಮಾತ್ರ ಕಳುಹಿಸಬಲ್ಲುದು. 60 ಸಲ ಕಳುಹಿಸುವ ಶಕ್ತಿ ಬಂದದ್ದು 2013ರ 2.0 ಮಾದರಿಗೆ. ಪಕ್ಕದಲ್ಲೇ ಯುಎಸ್‌ಬಿ-ಸಿ ಕಿಂಡಿಯೊಂದಿತ್ತು. ಇಂಥ ಕಿಂಡಿಗಳೆಲ್ಲವೂ ಚಿತ್ರವನ್ನು ಸಾಗಿಸವು. ಆಕಾರವೊಂದೇ ಆದರೂ ಗುಣ ಬೇರೆ. ಕೊಳ್ಳುವವರು ಮೋಸಹೋಗುವುದು ಇಲ್ಲಿಯೇ. ಮಗಳು ಕೈಪಿಡಿಯನ್ನು ಹುಡುಕಿ ತೆಗೆದು ನೋಡಿದಳು. ಡಿಸ್‌ಪ್ಲೇಪೋರ್ಟಿನ ಸೌಕರ್ಯ ಆ ಕಿಂಡಿಗೆ ಇತ್ತು. ಅದಕ್ಕೆ ತಕ್ಕ ಕೇಬಲ್ಲನ್ನು ತರಿಸಿ ಜೋಡಿಸಿ 60 ಹರ್ಟ್ಸ್ ಆಯ್ದ ಮೇಲೆ ಬಾಣ ಮೀನಿನಂತೆ ಸರಿದಾಡಿತು.

ಆ ರಾತ್ರಿ ಊಟಕ್ಕೆ ಮೂರು ಸಲ ಕರೆದರೂ ಮೇಷ್ಟರು ಏಳಲಿಲ್ಲ. ಮೊದಲನೆಯ ಪುಟದಲ್ಲಿಯೇ, ಗ್ರಾಮದೇವತೆಯ ಹೆಸರಿನಲ್ಲಿ, ಒತ್ತೊಂದು ಬಿಟ್ಟುಹೋಗಿತ್ತು.